ಮೂರು ವರ್ಷದ ಕ್ಯಾಂಪರ್ ವ್ಯಾನ್: ಎಲ್ಲ ಸರಿ, ಆ ಬಾಗಿಲೊಂದು ಬಿಟ್ಟು

ಬ್ಯಾಟರಿ ಎಷ್ಟು, ಸೋಲಾರ್ ಎಷ್ಟು, ಒಳಗೆ ಎಷ್ಟು ಜನ ಮಲಗಬಹುದು ಅಂತೆಲ್ಲ ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ವ್ಯಾನ್ ತಗೊಳ್ಳುವ ಮೊದಲು ನಾನೂ ಅವನ್ನೇ ನೋಡಿದ್ದು. ಒಬ್ಬರಾದರೂ ಬಾಗಿಲಿನ ಬಗ್ಗೆ ಮಾತಾಡಿರಲಿಲ್ಲ.

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ ಸಣ್ಣ ಅಡಿಕೆ ತೋಟ. ರೇಟು ಚೆನ್ನಾಗಿದ್ದ ವರ್ಷ ಧೈರ್ಯ ಮಾಡಿ 11 ಲಕ್ಷಕ್ಕೆ ಈ ಸೆಕೆಂಡ್ ಹ್ಯಾಂಡ್ ವ್ಯಾನ್ ತಗೊಂಡೆ. ಹಾಸಿಗೆ, ಒಲೆ, ಸಿಂಕ್ ಎಲ್ಲ ಹಿಂದಿನವರೇ ಮಾಡಿಸಿದ್ದರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ, ಆಗ ವ್ಯಾನ್ ಶೆಡ್ಡಿನಲ್ಲಿ. ನವೆಂಬರ್‌ನಿಂದ ತಿಂಗಳಿಗೆ ಎರಡು ಸಲ ಸಮುದ್ರದ ಬದಿಗೆ ಹೋಗುತ್ತೇವೆ. ಹೆಚ್ಚಾಗಿ ಬೇಕಲ, ಕಾಪ್ಪಿಲ್. ವರ್ಷಕ್ಕೊಮ್ಮೆ ತಲಪಾಡಿ ಗಡಿ ದಾಟಿ ಮರವಂತೆ, ಕಾರವಾರ ತನಕ.

ಬಾಗಿಲು ಬದಿಗೆ ಸರಿಯುವಂಥದ್ದು. ಮೊದಲ ವರ್ಷ ಒಂದು ಬೆರಳಿನಲ್ಲಿ ಸರಿಯುತ್ತಿತ್ತು. ಎರಡನೇ ವರ್ಷ ಶುರುವಾಯಿತು ನೋಡಿ, ಎಣ್ಣೆ ಕಾಣದ ಬಾವಿಯ ರಾಟೆಯ ಸದ್ದು. ಹಗಲು ಹೇಗೋ ನಡೆಯುತ್ತದೆ. ನನ್ನ ವಯಸ್ಸಿಗೆ ರಾತ್ರಿ ಎರಡು ಸಲ ಏಳಬೇಕು. ವ್ಯಾನಿನೊಳಗೆ ಟಾಯ್ಲೆಟ್ ಇದೆ, ಆದರೆ ಅದನ್ನು ತೊಳೆಯುವವರು ಯಾರು ಅಂತ ನಮ್ಮಿಬ್ಬರಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಕಾಪ್ಪಿಲ್‌ನಲ್ಲಿ ಪರಿಚಯದ ಒಂದು ಮನೆಯ ಅಂಗಳದಲ್ಲಿ ನಿಲ್ಲಿಸುತ್ತೇವೆ, ಅವರ ಹೊರಗಿನ ಬಚ್ಚಲೇ ಗತಿ. ನಾನು ಬಾಗಿಲು ಎಳೆದರೆ ಅವರ ನಾಯಿ ಬೊಗಳುತ್ತದೆ, ಅದು ಬೊಗಳಿದರೆ ಆಚೆಮನೆಯದ್ದು. ಮಲಗಿದಲ್ಲಿಂದಲೇ ಹೆಂಡತಿ, "ಊರಿಗೆಲ್ಲ ಗೊತ್ತಾಗುವ ಹಾಗೆ ಹೋಗ್ಬೇಕಾ ಮಾರಾಯ್ರೇ?"

ಏಸಿ ಬ್ಯಾಟರಿಯಲ್ಲಿ ಎರಡು ಗಂಟೆಯೂ ಸರಿಯಾಗಿ ಓಡುವುದಿಲ್ಲ. ಮಾರ್ಚ್ ಬಂತೆಂದರೆ ಬಾಗಿಲು ತೆರೆದಿಟ್ಟು ಸೊಳ್ಳೆಪರದೆ ಕಟ್ಟಲೇಬೇಕು. ಅಲ್ಲಿಗೂ ಬಾಗಿಲೇ.

ಮೊದಲು ತೆಂಗಿನೆಣ್ಣೆ ಬಿಟ್ಟೆ. ಎರಡು ದಿನ ಸುಖ. ಆಮೇಲೆ ಮರಳು ಅಂಟಿಕೊಂಡಿತು. ಗ್ರೀಸ್ ಹಾಕಿದೆ, ಮರಳೂ ಗ್ರೀಸೂ ಸೇರಿ ಅರೆಯುವ ಕಲ್ಲಿನ ಹಾಗೆ ಬಾಗಿಲನ್ನು ಓಡಿಸುವ ಸಣ್ಣ ಚಕ್ರ, ಅಂದರೆ ರೋಲರನ್ನೇ ತೇಯ್ದುಬಿಟ್ಟವು. ಗ್ಯಾರೇಜಿನವರು "ಸ್ಟೈನ್‌ಲೆಸ್ ಸ್ಟೀಲ್, ತುಕ್ಕು ಹಿಡಿಯುವ ಮಾತೇ ಇಲ್ಲ" ಅಂತ 3,800 ರೂಪಾಯಿ ತಗೊಂಡು ಹೊಸ ರೋಲರ್ ಹಾಕಿದರು. ನಾಲ್ಕು ತಿಂಗಳಲ್ಲಿ ಅದರ ಮೇಲೂ ಕಂದು ಚುಕ್ಕೆ. ಬೇಕಲ ಕೋಟೆಯನ್ನು ಶಿವಪ್ಪ ನಾಯಕ ಕಟ್ಟಿಸಿದ್ದು 1650ರ ಸುಮಾರಿಗಂತೆ. ಅದೇ ಉಪ್ಪುಗಾಳಿಗೆ ಆ ಮುರಕಲ್ಲು ಇನ್ನೂ ನಿಂತಿದೆ, ನನ್ನ ರೋಲರ್ ಒಂದು ಸೀಸನ್ ಬಾಳಲಿಲ್ಲ. ಸಿಟ್ಟು ಬರದೆ ಇರುತ್ತದಾ?

ಕೊನೆಗೆ ದಾರಿ ತೋರಿಸಿದ್ದು ಬೋಟ್ ರಿಪೇರಿ ಮಾಡುವ ಒಬ್ಬರು. ಸ್ಟೈನ್‌ಲೆಸ್‌ನಲ್ಲೂ 304, 316 ಅಂತ ಬೇರೆ ಬೇರೆ ಇದೆ. 316ರಲ್ಲಿ ಮಾಲಿಬ್ಡಿನಂ ಅನ್ನುವ ಲೋಹ ಸೇರಿಸಿರುತ್ತಾರೆ, ಉಪ್ಪಿಗೆ ಅದು ಜಾಸ್ತಿ ತಡೆಯುತ್ತದೆ. ನನಗೆ ಹಾಕಿದ್ದು 304. ಇನ್ನೊಂದು ವಿಷಯ ಹೇಳಿದರು: ಉಪ್ಪು ಅಂದರೆ ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ, ಬಿಸಿಲಿದ್ದರೂ ಬಾಗಿಲು ಓಡುವ ರೈಲು ಒಳಗೊಳಗೆ ಒದ್ದೆಯೇ ಇರುತ್ತದೆ. ಸುಮ್ನೆ ಎಣ್ಣೆ ಬಿಟ್ಟರೆ ಆ ಉಪ್ಪು ಎಲ್ಲಿಗೆ ಹೋಗಬೇಕು? ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು, ಒರೆಸಬೇಕು, ಒಣಗಿದ ಮೇಲೆ ಮೇಣದ ಬತ್ತಿ ಉಜ್ಜಬೇಕು. ಮೇಣಕ್ಕೆ ಮರಳು ಅಷ್ಟು ಹಿಡಿಯುವುದಿಲ್ಲ.

ಈಗ ಹೊರಡುವ ದಿನ ಒಂದು ಚೊಂಬು ನೀರು, ಹಳೆಯ ಹಲ್ಲುಜ್ಜುವ ಬ್ರಷ್, ಕರೆಂಟ್ ಹೋದಾಗ ಉರಿಸಿ ಉಳಿದ ಮೇಣದ ತುಂಡು ಹಿಡಿದು ಬಾಗಿಲಿನ ಬುಡದಲ್ಲಿ ಕೂರುತ್ತೇನೆ. ಇಪ್ಪತ್ತು ನಿಮಿಷ. ಮೊದಲು ಶಿಕ್ಷೆ ಅನಿಸುತ್ತಿತ್ತು. ಈಗ ಹಾಗಿಲ್ಲ, ಕೆಲಸ ಮುಗಿದರೂ ಅಲ್ಲೇ ಕೂತಿರುತ್ತೇನೆ.

ಯಾಕೆಂದರೆ ಈ ವ್ಯಾನಿನಲ್ಲಿ ಕೊಟ್ಟ ದುಡ್ಡು ವಸೂಲಾಗುವ ಜಾಗ ಅಂದರೂ ಆ ಬಾಗಿಲೇ. ಬೆಳಗ್ಗೆ ಆರಕ್ಕೆ ಅರ್ಧ ಮಾತ್ರ ಸರಿಸುವುದು. ಪೂರ್ತಿ ತೆರೆದರೆ ಗಾಳಿಗೆ ಒಲೆ ಆರುತ್ತದೆ. ಒಲೆಯ ಪಕ್ಕ ಊಟದ ಬಟ್ಟಲು ಅಡ್ಡ ನಿಲ್ಲಿಸಿ, ಶುಂಠಿ ಜಜ್ಜಿ ಹಾಕಿ ಹಾಲಿಲ್ಲದ ಕಟ್ಟನ್ ಚಾ ಕುದಿಸುತ್ತೇನೆ. ಹೆಂಡತಿ ಬಜಿಲಿಗೆ, ಅಂದರೆ ಅವಲಕ್ಕಿಗೆ, ಕಾಯಿ, ಬೆಲ್ಲ ಕಲಸುತ್ತಾಳೆ. ಆಮೇಲೆ ಬಾಗಿಲು ಪೂರ್ತಿ ತೆರೆದು ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂರುವುದು. ದೋಣಿಗಳು ವಾಪಸ್ ಬರುವ ಹೊತ್ತು. ಕಳೆದ ಫೆಬ್ರವರಿಯಲ್ಲಿ ಬಲೆ ಹೊತ್ತು ಹೋಗುತ್ತಿದ್ದ ಒಬ್ಬರು ನಿಂತು, ನೀವು ಬಂದದ್ದೇ ಗೊತ್ತಾಗಲಿಲ್ಲ, ಈ ಸಲ ಸದ್ದಿಲ್ಲವಲ್ಲ ಅಂತ ಮಲಯಾಳದಲ್ಲಿ ನಕ್ಕರು.

ತಗೊಳ್ಳುವವರಿಗೆ ಎರಡೇ ಮಾತು. ಆರ್‌ಸಿಯಲ್ಲಿ ಕ್ಯಾಂಪರ್ ವ್ಯಾನ್ ಅಂತ ನಮೂದಾಗಿದೆಯಾ ನೋಡಿ, ಆರ್‌ಟಿಓ ಒಪ್ಪಿಗೆಯಿಲ್ಲದೆ ಒಳಗೆ ಬದಲಾಯಿಸಿದ್ದರೆ ಮುಂದೆ ತಲೆನೋವು. ಮತ್ತೆ, ಗಾಡಿಯನ್ನು ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಿ ಬಾಗಿಲನ್ನು ಹತ್ತು ಸಲ ತೆರೆದು ಹಾಕಿ. ಮಾರುವವರಿಗೆ ಬೇಜಾರಾದರೆ ಆಗಲಿ.

ನನ್ನದರಲ್ಲಿ ಈ ನವೆಂಬರ್‌ಗೆ ಮುಂಚೆ ಕೆಳಗಿನ ರೋಲರ್ 316ಕ್ಕೆ ಬದಲಿಸಬೇಕು. ಮಧ್ಯದ್ದು ಇನ್ನೊಂದು ವರ್ಷ ಬಂದೀತು.