ಟ್ರಕ್ ಟ್ರೇನಿಂಗ್‌ಗೆ ಏನು ಕಟ್ಟಿಕೊಂಡು ಹೋಗಬೇಕು? ಎರಡು ಥರ ಬ್ಯಾಗ್ ಕಟ್ಟಿ ನೋಡಿದ್ದೇನೆ

ಅಮೆರಿಕದಲ್ಲಿ ಸಿಡಿಎಲ್, ಅಂದರೆ ದೊಡ್ಡ ಟ್ರಕ್ ಓಡಿಸುವ ಲೈಸೆನ್ಸ್, ಕೈಗೆ ಬಂದ ತಕ್ಷಣ ದೊಡ್ಡ ಕಂಪನಿಗಳು ನಿಮಗೇ ಅಂತ ಒಂದು ಟ್ರಕ್ ಕೊಡುವುದಿಲ್ಲ. ಕೆಲವು ವಾರ ಟ್ರೇನರ್ ಜೊತೆ ಅವರ ಟ್ರಕ್‌ನಲ್ಲೇ ಓಡಾಡಬೇಕು. ಅಲ್ಲೇ ಊಟ, ಅಲ್ಲೇ ನಿದ್ದೆ. ನಾನು ಡಲ್ಲಾಸ್‌ನಿಂದ ಹೊರಟಿದ್ದು ಜನವರಿಯಲ್ಲಿ, ಒಟ್ಟು ಆರು ವಾರ. ಮೂರು ವಾರ ಆದ ಮೇಲೆ ಮೂರು ದಿನ ಮನೆಗೆ ಬಂದಿದ್ದೆ. ಆಗ ಅರ್ಧ ಸಾಮಾನು ತೆಗೆದಿಟ್ಟು ಬೇರೆ ತುಂಬಿಕೊಂಡು ಹೋದೆ. ಹಾಗಾಗಿ ಇಲ್ಲಿ ಬರೆದಿರುವ ಹೆಚ್ಚಿನ ಸಾಮಾನನ್ನು ಎರಡೂ ಥರ ಬಳಸಿ ನೋಡಿದ್ದೇನೆ.

ಮೊದಲು ಜಾಗದ ಲೆಕ್ಕ ತಿಳಿದಿರಲಿ. ಕೆಳಗಿನ ಬರ್ತ್ ಟ್ರೇನರ್‌ದು, ಮೇಲಿನದು ನಿಮ್ಮದು. ಸ್ಲೀಪರ್ ಬರ್ತ್ ಕನಿಷ್ಠ 75 ಇಂಚು ಉದ್ದ, 24 ಇಂಚು ಅಗಲ ಇರಬೇಕು ಅಂತ ಕಾನೂನಿದೆ. ನನ್ನದು ಅದಕ್ಕಿಂತ ಸ್ವಲ್ಪ ಅಗಲವಿತ್ತು. ಆದರೂ ನಿಮ್ಮ ಸಂಸಾರ ಎಲ್ಲಾ ಆ ಹಲಗೆ ಮೇಲೆ, ಒಂದು ಸಣ್ಣ ಕಪಾಟಿನಲ್ಲಿ ಮುಗಿಯಬೇಕು.

ಸೂಟ್‌ಕೇಸ್ ಒಯ್ಯಬೇಡಿ. ನಾನು ಮೊದಲ ಸಲ ಚಕ್ರದ ಸೂಟ್‌ಕೇಸ್ ಒಯ್ದೆ. ಅದು ಮಡಚುವುದಿಲ್ಲ, ಒತ್ತಿದರೆ ಒಳಗೆ ಹೋಗುವುದಿಲ್ಲ. ಹಗಲು ಬರ್ತ್ ಮೇಲೆ, ರಾತ್ರಿ ಪಕ್ಕದ ಸೀಟಿನ ಮೇಲೆ, ಟ್ರೇನರ್ ಹಿಂದೆ ಹೋಗಬೇಕು ಅಂದಾಗಲೆಲ್ಲ ಅದನ್ನು ಎತ್ತಿ ಇನ್ನೊಂದು ಕಡೆ ಇಡಬೇಕು, ದಿನಕ್ಕೆ ಎಂಟು ಹತ್ತು ಸಲ. ಎರಡನೇ ಸಲ ಬಟ್ಟೆಯ ಡಫಲ್ ಬ್ಯಾಗ್ ಒಯ್ದೆ. ಕಾಲ ಬುಡದಲ್ಲಿ ಮೂಲೆಗೆ ತುರುಕಿದರೆ ಮುಗಿಯಿತು. ಲೈಸೆನ್ಸ್, ಮೆಡಿಕಲ್ ಕಾರ್ಡ್ (ಗಾಡಿ ಓಡಿಸುವಷ್ಟು ಆರೋಗ್ಯ ಇದೆ ಅನ್ನುವ ಪತ್ರ), ಪೆನ್ನು ಮಾತ್ರ ಬೇರೆ ಸಣ್ಣ ಬ್ಯಾಗ್‌ನಲ್ಲಿ ಕೈಗೆ ಸಿಗುವ ಹಾಗೆ ಇರಲಿ. ಗೋದಾಮಿನ ಗೇಟಿನಲ್ಲಿ ಕಾವಲಿನವರು ಲೈಸೆನ್ಸ್ ಕೇಳಿದಾಗ ಬಟ್ಟೆ ಕೆದಕುತ್ತಾ ನಿಂತರೆ ಹಿಂದೆ ಟ್ರಕ್‌ಗಳು ಸಾಲು ನಿಲ್ಲುತ್ತವೆ.

ನಿದ್ದೆಯ ವಿಷಯಕ್ಕೆ ಬರೋಣ, ದುಡ್ಡು ಖರ್ಚು ಮಾಡುವುದಿದ್ದರೆ ಇಲ್ಲೇ ಮಾಡಿ. ಟ್ರೇನಿಂಗ್‌ನ ಎರಡನೇ ಭಾಗದಲ್ಲಿ ನಮ್ಮದು ಟೀಮ್ ಡ್ರೈವಿಂಗ್ ಇತ್ತು. ಅಂದರೆ ಅವರು ಓಡಿಸುವಾಗ ನಾನು ಮಲಗಬೇಕು, ನಾನು ಓಡಿಸುವಾಗ ಅವರು. ಹತ್ತು ಗಂಟೆ ವಿಶ್ರಾಂತಿ ಆದ ಮೇಲೆ ಹನ್ನೊಂದು ಗಂಟೆವರೆಗೆ ಓಡಿಸಬಹುದು. ಆ ಹತ್ತು ಗಂಟೆಯಲ್ಲಿ ನಿದ್ದೆ ಬರಲಿಲ್ಲ ಅಂದರೆ 80,000 ಪೌಂಡ್ ತೂಕದ ಗಾಡಿಯನ್ನು ತೂಕಡಿಸುತ್ತಾ ಓಡಿಸಬೇಕಾಗುತ್ತದೆ. ಇದು ಹುಡುಗಾಟ ಅಲ್ಲ.

ಮೊದಲ ಮೂರು ವಾರ ನನ್ನ ಹತ್ತಿರ ಇದ್ದದ್ದು ಪರ್ವತ ಹತ್ತುವವರು ಬಳಸುವ ಥರದ ಸ್ಲೀಪಿಂಗ್ ಬ್ಯಾಗ್. ತಲೆ ಕಡೆ ಅಗಲ, ಕಾಲ ಕಡೆ ಚೂಪು. ಭಾರೀ ಚಳಿಗೆ ಅಂತಲೇ ಮಾಡಿದ್ದು. ಆದರೆ ಟ್ರಕ್ ಒಳಗೆ ಹೀಟರ್ ಇರುತ್ತದಲ್ಲ, ಬೆಚ್ಚನೆ ಗಾಳಿ ಮೇಲಕ್ಕೇ ಏರುತ್ತದೆ, ಅರ್ಧ ರಾತ್ರಿಗೆ ಬೆವರಿ ಎದ್ದು ಕೂರುತ್ತಿದ್ದೆ. ಜಿಪ್ ಬಿಚ್ಚಿದರೆ ಬೆನ್ನಿಗೆ ತಣ್ಣಗೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಗಾಡಿ ಓಡುವಾಗ ಮಲಗಿದರೆ ಬರ್ತ್‌ನ ಬಲೆ ಹಾಕಿಕೊಳ್ಳಲೇಬೇಕು, ಬ್ರೇಕ್ ಹೊಡೆದಾಗ ಕೆಳಗೆ ಬೀಳದಿರಲಿ ಅಂತ. ಕಾಲು ಚೀಲದಲ್ಲಿ, ಮೈ ಬಲೆಯಲ್ಲಿ. ಅವಸರದಲ್ಲಿ ಇಳಿಯಬೇಕಾದರೆ ಎಷ್ಟು ಹೊತ್ತು ಬೇಕು ಅಂತ ಯೋಚಿಸಿದರೆ ನಿದ್ದೆಯೇ ಬರುತ್ತಿರಲಿಲ್ಲ.

ಎರಡನೇ ಸಲ ಅವ್ವ ಹೊಲಿದ ಕೌದಿ ಒಯ್ದೆ. ನಮ್ಮೂರು ಬಾಗಲಕೋಟೆ ಕಡೆ, ಹಳೇ ಸೀರೆ ಪದರ ಹಾಕಿ ಹೊಲಿಯುತ್ತಾರಲ್ಲ, ಅದೇ. ಒಂದು ಹತ್ತಿ ಬೆಡ್‌ಶೀಟ್, ಮೇಲೆ ಕೌದಿ. ಬೆವರು ಹೀರುತ್ತದೆ, ಕಾಲಿಂದ ಒದ್ದರೆ ಸರಿಯುತ್ತದೆ, ಮಡಚಿದರೆ ದಿಂಬಿನ ಕೆಳಗೆ ಹೋಗುತ್ತದೆ. ಕೌದಿ ನೂರಕ್ಕೆ ನೂರು ಗೆದ್ದಿತು ಅಂತ ಹೇಳಲಾರೆ. ಕ್ಯಾಲಿಫೋರ್ನಿಯಾದಲ್ಲಿ ಸುಮ್ನೆ ನಿಂತಾಗ ಎಂಜಿನ್ ಐದು ನಿಮಿಷಕ್ಕಿಂತ ಜಾಸ್ತಿ ಓಡಿಸುವ ಹಾಗಿಲ್ಲ. ಒಂದು ರಾತ್ರಿ ಅಲ್ಲಿ ಬೆಟ್ಟದ ಕಡೆ ನಿಂತಿದ್ದೆವು, ಬರ್ತ್ ಹೀಟರ್ ಕೈ ಕೊಟ್ಟಿತ್ತು, ಕೌದಿಯೊಂದೇ ಸಾಲಲಿಲ್ಲ, ಜಾಕೆಟ್ ಹಾಕಿಕೊಂಡು ಮಲಗಿದೆ. ಕೌದಿ ಇಲ್ಲದವರು ಪೂರ್ತಿ ಜಿಪ್ ಬಿಚ್ಚಿ ರಜಾಯಿ ಥರ ಹಾಸಬಹುದಾದ ಚೌಕ ಸ್ಲೀಪಿಂಗ್ ಬ್ಯಾಗ್ ಕೊಳ್ಳಿ. ಚೂಪು ಕಾಲಿನದು ಬೇಡವೇ ಬೇಡ.

ಕಿವಿಗೆ ಎರಡು ಡಾಲರ್‌ನ ಸ್ಪಂಜಿನ ಬಿರಡೆಯೇ ಸಾಕು. ನಾವು ಎಳೆಯುತ್ತಿದ್ದದ್ದು ರೀಫರ್, ಅಂದರೆ ತಣ್ಣಗಿಡುವ ಟ್ರೇಲರ್. ಅದರದೇ ಬೇರೆ ಡೀಸೆಲ್ ಎಂಜಿನ್ ಸರಿಯಾಗಿ ನಿಮ್ಮ ತಲೆಯ ಹಿಂದೆ ಇರುತ್ತದೆ, ರಾತ್ರಿಯೆಲ್ಲ ಆಗಾಗ ನಿಂತು ಮತ್ತೆ ಗುಡುಗಿಕೊಂಡು ಶುರುವಾಗುತ್ತದೆ. ದುಬಾರಿ ಇಯರ್‌ಬಡ್ ಸದ್ದನ್ನು ಚೆನ್ನಾಗಿ ತಡೆಯಿತು, ನಿಜ. ಆದರೆ ಬ್ಯಾಟರಿ ಬೆಳಗಿನವರೆಗೆ ಬರಲಿಲ್ಲ. ಒಂದು ಬಡ್ ಗೋಡೆ ಸಂದಿಗೆ ಬಿದ್ದು ಎರಡು ದಿನ ಸಿಗಲಿಲ್ಲ. ಬಿರಡೆ ಹಾಕಿದರೆ ಅಲಾರಂ ಕೇಳಿಸುವುದಿಲ್ಲ, ಅದಕ್ಕೆ ಕೈಯಲ್ಲಿ ನಡುಗುವ ವಾಚ್ ಕಟ್ಟಿಕೊಳ್ಳಿ.

ಈಗ ಬೆಳಕು. ಒಳ್ಳೆಯ ಕೈ ಟಾರ್ಚ್ ಇದೆ, ತಲೆಗೆ ಕಟ್ಟುವ ಹೆಡ್‌ಲ್ಯಾಂಪ್ ಯಾಕೆ ಅಂತ ನನಗೂ ಅನಿಸಿತ್ತು. ವ್ಯೋಮಿಂಗ್‌ನಲ್ಲಿ ಐ-80 ಹೆದ್ದಾರಿ ಪಕ್ಕದ ಒಂದು ಯಾರ್ಡ್, ರಾತ್ರಿ ಎರಡು ಗಂಟೆ, ಬಾಗಿಲು ತೆಗೆದರೆ ಕೈಯಿಂದ ಕಿತ್ತುಕೊಳ್ಳುವಂಥ ಗಾಳಿ. ಟ್ರೇಲರ್ ಜೋಡಿಸಬೇಕು. ಮಂಡಿಯೂರಿ ಟ್ರೇಲರ್ ಕೆಳಗೆ ತಲೆ ಹಾಕಿ, ಫಿಫ್ತ್ ವೀಲ್‌ನ (ಟ್ರಕ್ ಹಿಂದಿನ ಜೋಡಣೆ ತಟ್ಟೆ) ದವಡೆ ಕಿಂಗ್‌ಪಿನ್ (ಟ್ರೇಲರ್ ಕೆಳಗಿನ ಗೂಟ) ಸುತ್ತ ಪೂರ್ತಿ ಕಚ್ಚಿಕೊಂಡಿದೆಯಾ, ಆ ತಟ್ಟೆಗೂ ಟ್ರೇಲರ್‌ಗೂ ನಡುವೆ ಸಂದಿ ಇಲ್ಲವಲ್ಲ ಅಂತ ಕಣ್ಣಾರೆ ನೋಡಬೇಕು. ಆಮೇಲೆ ಟ್ರೇಲರ್ ಬ್ರೇಕಿನ ಗಾಳಿ ಪೈಪು ಸಿಕ್ಕಿಸಬೇಕು, ಕೆಂಪು ಒಂದು, ನೀಲಿ ಒಂದು. ಚಳಿಗೆ ಅವುಗಳ ರಬ್ಬರ್ ಕಲ್ಲಾಗಿರುತ್ತದೆ, ಎರಡೂ ಕೈ ಹಾಕಿ ತಿರುಗಿಸಿದರೆ ಮಾತ್ರ ಕೂರುತ್ತವೆ. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮಾಡಿದೆ. ಲೋಹ ತುಟಿಗೆ ಸುಟ್ಟ ಹಾಗಾಯಿತು. ಆಮೇಲೆ ಹೆಡ್‌ಲ್ಯಾಂಪ್ ಕೊಂಡೆ, ಮತ್ತೆ ಹಿಂದೆ ನೋಡಲಿಲ್ಲ. ಕೆಂಪು ಬೆಳಕು ಕೂಡ ಇರುವುದನ್ನೇ ತಗೊಳ್ಳಿ, ಬರ್ತ್‌ನಲ್ಲಿ ಏನಾದರೂ ಹುಡುಕುವಾಗ ಕೆಳಗೆ ಮಲಗಿದವರಿಗೆ ಎಚ್ಚರ ಆಗುವುದಿಲ್ಲ. ದೂರದಿಂದ ಟೈರು ನೋಡುವುದಕ್ಕೆ ಕೈ ಟಾರ್ಚೇ ಮೇಲು, ಸಣ್ಣದೊಂದು ಜೇಬಿನಲ್ಲಿರಲಿ.

ಕೈಗವಸು ಎರಡು ಜೊತೆ ಬೇಕು. ಟ್ರೇಲರ್‌ನ ಕಾಲು ಏರಿಸಿ ಇಳಿಸುವ ಕ್ರ್ಯಾಂಕ್ ತಿರುಗಿಸುವುದಕ್ಕೆ, ಗ್ರೀಸ್ ಇರುವ ಹಿಡಿ ಎಳೆಯುವುದಕ್ಕೆ ಚರ್ಮದ್ದು. ಡೀಸೆಲ್ ಹಾಕುವುದಕ್ಕೆ ಬಿಸಾಡುವಂಥದ್ದು. ಒಂದರಲ್ಲೇ ಎರಡೂ ಮಾಡಿದರೆ ಸ್ಟೀರಿಂಗ್ ಕೂಡ ಡೀಸೆಲ್ ನಾತ ಹೊಡೆಯುತ್ತದೆ.

ಬೂಟು: ಕೆಲವು ಗೋದಾಮುಗಳಲ್ಲಿ ಗಟ್ಟಿ ಮುಂಗಾಲಿನ ಬೂಟು ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಸ್ಟೀಲ್ ಟೋ ಅಗ್ಗ, ಆದರೆ ಹಿಮದಲ್ಲಿ ಬೆರಳು ಮರಗಟ್ಟುತ್ತದೆ. ಕಾಂಪೊಸಿಟ್ ಟೋ (ಮುಂದೆ ಸ್ಟೀಲ್ ಬದಲು ಗಟ್ಟಿ ಪ್ಲಾಸ್ಟಿಕ್‌ನಂಥದ್ದು) ಹಗುರ, ಚಳಿಯನ್ನು ಅಷ್ಟು ಒಳಗೆ ಬಿಡುವುದಿಲ್ಲ, ಪೆಡಲ್ ಮೇಲೆ ಕಾಲಿನ ಒತ್ತಡವೂ ಚೆನ್ನಾಗಿ ಗೊತ್ತಾಗುತ್ತದೆ. ಕಾಂಪೊಸಿಟ್ ತಗೊಳ್ಳಿ.

ಊಟಕ್ಕೆ ಮೊದಲ ಸಲ ಸಣ್ಣ ರೈಸ್ ಕುಕ್ಕರ್ ಒಯ್ದೆ, ಜೊತೆಗೆ ಲೈಟರ್ ಸಾಕೆಟ್‌ಗೆ ಚುಚ್ಚುವ ಇನ್ವರ್ಟರ್. ಆಗ ಲೆಕ್ಕ ಹಾಕಿರಲಿಲ್ಲ. ಸಾಕೆಟ್‌ನ ಫ್ಯೂಸ್ 15 ಆಂಪಿಯರ್ ಅಂದರೆ 12 ವೋಲ್ಟ್‌ಗೆ 180 ವ್ಯಾಟ್, ಕುಕ್ಕರ್ ಕೇಳುವುದು 300. ಮೊದಲ ದಿನವೇ ಫ್ಯೂಸ್ ಹೋಯಿತು. ಟ್ರೇನರ್ ಬೈಯಲಿಲ್ಲ, ಆದರೆ ಮುಂದಿನ ಟ್ರಕ್ ಸ್ಟಾಪ್‌ನಲ್ಲಿ ಬೇರೆ ಫ್ಯೂಸ್ ಹಾಕುವವರೆಗೆ ಅವರ ಫೋನ್ ಚಾರ್ಜ್ ಆಗಲಿಲ್ಲ. ಬೇರೆಯವರ ಗಾಡಿಯಲ್ಲಿ ಹಾಗೆ ಆದಾಗ ಮನಸ್ಸಿಗೆ ತುಂಬಾ ಕಸಿವಿಸಿ ಆಗುತ್ತದೆ. ಎರಡನೇ ಸಲ ಒಯ್ದದ್ದು ನೇರ 12 ವೋಲ್ಟ್‌ಗೆ ಓಡುವ ಟಿಫಿನ್ ಡಬ್ಬಿಯಂಥ ಒಲೆ. ನಿಧಾನ, ಬಿಸಿ ಆಗುವುದಕ್ಕೇ ಒಂದು ಗಂಟೆ ಹತ್ತಿರ ಬೇಕು. ಆದರೆ ಓಡುವಾಗಲೇ ಹಚ್ಚಿಟ್ಟರೆ ಅರ್ಧ ಗಂಟೆ ಬ್ರೇಕ್‌ಗೆ ನಿಲ್ಲಿಸುವಾಗ ಅನ್ನ ಸಾರು ಬಿಸಿಯಾಗಿ ಸಿದ್ಧ.

ನಿಜ ಹೇಳಬೇಕು ಅಂದರೆ ಎರಡಕ್ಕಿಂತಲೂ ಜಾಸ್ತಿ ಕೆಲಸಕ್ಕೆ ಬಂದದ್ದು ಹೆಂಡತಿ ಬಡಿದುಕೊಟ್ಟ ಕಡಕ್ ಜೋಳದ ರೊಟ್ಟಿ. ಇಂಡಿಯನ್ ಅಂಗಡಿಯ ಹಿಟ್ಟಿನದೇ. ಕರೆಂಟ್ ಬೇಡ, ಫ್ರಿಜ್ ಬೇಡ, ಮೂರು ವಾರ ಕೆಡಲಿಲ್ಲ. ಶೇಂಗಾ ಚಟ್ನಿಪುಡಿ, ಮೊಸರು ಇದ್ದರೆ ಊಟ ಆಯಿತು. ದುಂಡಗಿನ ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಎರಡನೇ ದಿನಕ್ಕೆ ಪುಡಿ. ಉಪ್ಪಿನಕಾಯಿ ಗಾಜಿನ ಬಾಟಲಿಯಲ್ಲಿ ಬೇಡ. ವಾಸನೆ ತೊಂದರೆ ಆಗುತ್ತದಾ ಅಂತ ಟ್ರೇನರ್‌ನ ಮೊದಲ ದಿನವೇ ಕೇಳಿಬಿಡಿ.

ದಾರಿಗೆ ಫೋನ್ ಮ್ಯಾಪ್ ನಂಬಬೇಡಿ, ಅದಕ್ಕೆ ನಿಮ್ಮ ಗಾಡಿ 13 ಅಡಿ 6 ಇಂಚು ಎತ್ತರ ಅಂತ ಗೊತ್ತಿಲ್ಲ. ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ ಒಂದು ರೈಲು ಸೇತುವೆ ಇದೆ, 2019ರಲ್ಲಿ ಎತ್ತರಿಸಿದ ಮೇಲೂ 12 ಅಡಿ 4 ಇಂಚೇ. ಟ್ರಕ್ ಜಿಪಿಎಸ್ ಒಳ್ಳೆಯದು, ಆದರೆ ನನ್ನ ಟ್ರೇನರ್ ಹತ್ತಿರ ಆಗಲೇ ಇತ್ತು. ನಾನು ಕೊಂಡದ್ದು ರ‍್ಯಾಂಡ್ ಮ್ಯಾಕ್‌ನಲಿಯ ಟ್ರಕ್‌ನವರ ಅಟ್ಲಾಸ್. ಯಾವ ರಾಜ್ಯದಲ್ಲಿ ಯಾವ ಸೇತುವೆ ತಗ್ಗು, ಯಾವ ರಸ್ತೆಗೆ ಟ್ರಕ್ ಬಿಡುತ್ತಾರೆ ಎಲ್ಲಾ ಅದರಲ್ಲಿದೆ. ಹಿಂದಿನ ರಾತ್ರಿ ಬೆರಳಿಟ್ಟು ದಾರಿ ನೋಡಿಕೊಂಡರೆ ಮರುದಿನ ಜಿಪಿಎಸ್ ಏನು ಹೇಳಿದರೂ ಗಾಬರಿ ಆಗುವುದಿಲ್ಲ. ಕಲಿಯುವವರಿಗೆ ಕಾಗದದ್ದೇ ಮೇಲು.

ದೊಡ್ಡ ಟವೆಲ್ ಮನೆಯಲ್ಲೇ ಬಿಡಿ. ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಡೀಸೆಲ್ ಹಾಕಿಸಿದ್ದಕ್ಕೆ ಸ್ನಾನ ಫ್ರೀ ಸಿಗುತ್ತದೆ, ಟವೆಲ್ ಅವರೇ ಕೊಡುತ್ತಾರೆ. ಆ ಫ್ರೀ ಸ್ನಾನ ಟ್ರೇನರ್‌ನ ಟ್ರಕ್ ಸ್ಟಾಪ್ ಕಾರ್ಡಿನಲ್ಲಿ ಜಮೆ ಆಗುತ್ತದೆ, ನಿಮಗೆ ಹೇಗೆ ಅಂತ ಮೊದಲೇ ಮಾತಾಡಿಕೊಳ್ಳಿ, ದುಡ್ಡು ಕೊಟ್ಟರೆ ಒಂದು ಸಲಕ್ಕೆ ಹತ್ತು ಡಾಲರ್ ದಾಟುತ್ತದೆ. ಹವಾಯಿ ಚಪ್ಪಲಿ ಮಾತ್ರ ಮರೆಯಬೇಡಿ. ರಬ್ಬರಿನದೇ ಇರಲಿ, ಬಟ್ಟೆ ಪಟ್ಟಿಯದು ಟ್ರಕ್ ಒಳಗೆ ಒಣಗುವುದೇ ಇಲ್ಲ.