ಕೈಚಳಕ ಕಲಿಯಲು ಪುಸ್ತಕವೋ, ವಿಡಿಯೊವೋ, ಎದುರಿಗೆ ಕುಳಿತ ಗುರುವೋ?

ಇಸ್ಪೀಟಿನ ಜಾದೂ ಕಲಿಯಬೇಕೆಂದು ಬರುವ ಹೊಸಬರು ಮೊದಲು ಕೇಳುವುದು ‘ಯಾವ ಟ್ರಿಕ್ ಕಲಿಯಲಿ’ ಎಂದು. ‘ಯಾವುದರಿಂದ, ಯಾರಿಂದ ಕಲಿಯಲಿ’ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಪ್ರಶ್ನೆ, ಏಕೆಂದರೆ ಬೆರಳುಗಳಿಗೆ ಒಮ್ಮೆ ಹತ್ತಿದ ರೂಢಿಯನ್ನು ಬಿಡಿಸುವುದು ಹೊಸದನ್ನು ಕಲಿಸುವುದಕ್ಕಿಂತ ಕಷ್ಟ. ಪುಸ್ತಕ, ವಿಡಿಯೊ, ಗುರು, ಈ ಮೂರೂ ದಾರಿಗಳಲ್ಲಿ ನಾನು ನಡೆದಿದ್ದೇನೆ. ಹೋಲಿಕೆ ನ್ಯಾಯವಾಗಿರಲಿ ಎಂದು ಡಬಲ್ ಲಿಫ್ಟ್ ಎಂಬ ಒಂದೇ ತಂತ್ರವನ್ನು ಮೂರು ಕಡೆಯಿಂದಲೂ ಮೊದಲಿನಿಂದ ಕಲಿತು ನೋಡಿದ್ದೇನೆ. ಎರಡು ಎಲೆಗಳನ್ನು ಒಂದೇ ಎಲೆಯಂತೆ ತಿರುವಿ ತೋರಿಸುವ ತಂತ್ರ ಅದು. ಹೇಳಲು ಒಂದು ಸಾಲು ಸಾಕು, ಮಾಡಲು ವರ್ಷಗಳು ಬೇಕು.

ಇಲ್ಲಿ ಬರೆಯುತ್ತಿರುವುದೆಲ್ಲ ಜನರ ಮುಂದೆ ಆಡಿ ತೋರಿಸಬೇಕೆನ್ನುವವರಿಗಾಗಿ. ನಮ್ಮಲ್ಲಿ ಜಾದೂ ಎಂದೊಡನೆ ಕಣ್ಣ ಮುಂದೆ ಬರುವುದು ವೇದಿಕೆ, ದೀಪ, ಪೆಟ್ಟಿಗೆ, ಮಾಯವಾಗುವ ಮನುಷ್ಯ. ಮಂಗಳೂರಿನ ಕುದ್ರೋಳಿ ಗಣೇಶ್ ಅವರಂತಹ ಕಲಾವಿದರನ್ನು ನಾವು ನೋಡಿರುವುದು ಆ ವೇದಿಕೆಯ ಮೇಲೆ. ಕ್ಲೋಸ್‌ಅಪ್ ಜಾದೂವಿನ ಪಾಡು ಬೇರೆ. ನೋಡುವವನು ಒಂದು ಮೊಳ ದೂರದಲ್ಲಿರುತ್ತಾನೆ. ಎಲೆಯನ್ನು ಅವನೇ ಮುಟ್ಟುತ್ತಾನೆ, ಅವನೇ ಕಲಸುತ್ತಾನೆ, ಅನುಮಾನ ಬಂದರೆ ಕೈ ಹಿಡಿದು ನಿಲ್ಲಿಸುತ್ತಾನೆ. ಸಂತೆಯಲ್ಲಿ ನೆಲದ ಮೇಲೆ ಕುಳಿತು, ಸುತ್ತಲೂ ಜನ ಕವಿದಿರುವಾಗ ಬಟ್ಟಲು ಚೆಂಡುಗಳ ಆಟ ಆಡಿಸುತ್ತಿದ್ದ ಗಾರುಡಿಗರು ಮಾಡುತ್ತಿದ್ದದ್ದು ಇದನ್ನೇ. ಬೆನ್ನ ಹಿಂದೆಯೂ ಕಣ್ಣುಗಳಿರುವಾಗ ಕೆಲಸ ಮಾಡಿದ ಅವರನ್ನು ಈ ಕಲೆಯ ಮೊದಲ ಸಾಲಿನಲ್ಲಿ ಕೂರಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಮೂರು ದಾರಿಗಳಿಗೂ ಮುಂಚೆ ಮನೆಯ ದಾರಿಯೊಂದಿದೆ. ಬೇಸಿಗೆ ರಜೆಯಲ್ಲಿ ಸೋದರಮಾವನೋ ದೊಡ್ಡಪ್ಪನ ಮಗಳೋ ಕಲಿಸುವ 21 ಎಲೆಯ ಆಟ. ಏಳೇಳು ಎಲೆಗಳ ಮೂರು ಸಾಲು, ನೆನೆದ ಎಲೆ ಯಾವ ಸಾಲಿನಲ್ಲಿದೆ ಎಂಬ ಪ್ರಶ್ನೆ ಮೂರು ಬಾರಿ. ಪ್ರತಿ ಸಲವೂ ಆ ಸಾಲನ್ನು ನಡುವೆ ಇಟ್ಟು ಎತ್ತಿಕೊಂಡರೆ ಕೊನೆಗೆ ಆ ಎಲೆ 11ನೆಯ ಸ್ಥಾನದಲ್ಲಿ ತಾನಾಗಿ ಬಂದು ಕೂರುತ್ತದೆ. ಪೂರಾ ಲೆಕ್ಕ, ಕೈಗೆ ಏನೂ ಕೆಲಸವಿಲ್ಲ. ಪ್ರದರ್ಶನಕ್ಕೆ ಇದು ತೀರಾ ನಿಧಾನ, ನೋಡುವವರಿಗೂ ಎಲ್ಲೋ ಗಣಿತ ನಡೆಯುತ್ತಿದೆ ಎಂಬ ವಾಸನೆ ಹತ್ತುತ್ತದೆ. ಆದರೂ ಇದನ್ನು ನಾನು ತಳ್ಳಿಹಾಕುವುದಿಲ್ಲ. ಕೈ ನಿಶ್ಚಿಂತವಾಗಿರುವುದರಿಂದ ಮಾತನ್ನು, ನೋಟವನ್ನು, ಎದುರಿಗಿರುವವರ ಹೆಸರು ಕೇಳಿ ನೆನಪಿಟ್ಟುಕೊಳ್ಳುವುದನ್ನು ರೂಢಿಸಿಕೊಳ್ಳಲು ಇದಕ್ಕಿಂತ ಸುರಕ್ಷಿತವಾದ ಆಟವಿಲ್ಲ.

ಇನ್ನು ಪುಸ್ತಕ. ಹ್ಯೂಗಾರ್ಡ್ ಮತ್ತು ಬ್ರೌ ಎಂಬ ಇಬ್ಬರು 1940ರ ದಶಕದ ಕೊನೆಯಲ್ಲಿ ಬರೆದ ‘ದ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್’ ಇಂದಿಗೂ ಕಲಿಯುವವರ ಕೈಯಲ್ಲಿದೆ, ಅಗ್ಗದ ಮರುಮುದ್ರಣವೂ ಇದೆ. ಅದರ ಮೊದಲ ಅಧ್ಯಾಯ ಓವರ್‌ಹ್ಯಾಂಡ್ ಷಫಲ್, ಅಂದರೆ ನಾವೆಲ್ಲ ರಮ್ಮಿ ಆಡುವಾಗ ಎಲೆ ಕಲಸುವ ರೀತಿ. ಅದು ನಮಗೆ ಗೊತ್ತಿರುವುದೇ ಎಂದು ಪುಟ ತಿರುವಿಬಿಡುವ ಆಸೆ ಹುಟ್ಟುತ್ತದೆ. ತಿರುವಬಾರದು. ಕಲಸುತ್ತಿರುವಂತೆ ಕಾಣುತ್ತಲೇ ಮೇಲಿನ ಎಲೆಯನ್ನು ಮೇಲೆಯೇ, ಕೆಳಗಿನದನ್ನು ಕೆಳಗೆಯೇ ಉಳಿಸಿಕೊಳ್ಳುವ ಶಕ್ತಿ ಇರುವುದು ಅಲ್ಲಿಯೇ. ಒಂದು ತಂತ್ರ, ಆಮೇಲೆ ಆ ತಂತ್ರವೊಂದರಿಂದಲೇ ಆಡಬಹುದಾದ ಕೆಲವು ಆಟಗಳು, ನಂತರ ಮುಂದಿನ ತಂತ್ರ: ಪುಸ್ತಕದ ಈ ಕ್ರಮಕ್ಕೆ ಸಾಟಿಯಾದದ್ದನ್ನು ನಾನು ವಿಡಿಯೊಗಳಲ್ಲಿ ಕಂಡಿಲ್ಲ. ಇನ್ನೂ ಆಳಕ್ಕೆ ಹೋಗುವವರಿಗೆ ಸ್ವಿಟ್ಜರ್‌ಲೆಂಡಿನ ರೊಬೆರ್ಟೊ ಜಿಯೊಬ್ಬಿಯವರ ‘ಕಾರ್ಡ್ ಕಾಲೇಜ್’ ಸಂಪುಟಗಳಿವೆ. ಕಟ್ಟನ್ನು ಎಡಗೈಯಲ್ಲಿ ಹೇಗೆ ಹಿಡಿಯಬೇಕು, ಮೇಜಿನ ಮೇಲೆ ಹೇಗೆ ಇಡಬೇಕು ಎಂಬುದಕ್ಕೂ ಅವರು ವಿವರಣೆ ಕೊಡುತ್ತಾರೆ.

ಡಬಲ್ ಲಿಫ್ಟನ್ನು ಪುಸ್ತಕದಿಂದ ಕಲಿಯುವುದೆಂದರೆ ಒಂದು ವಾಕ್ಯ ಓದಿ, ಪುಸ್ತಕ ಕೆಳಗಿಟ್ಟು, ಎಲೆ ಎತ್ತಿಕೊಂಡು, ಮತ್ತೆ ಅದೇ ವಾಕ್ಯಕ್ಕೆ ಮರಳುವುದು. ಮೇಲಿನ ಎರಡು ಎಲೆಗಳನ್ನು ಉಳಿದವುಗಳಿಂದ ಬೇರ್ಪಡಿಸುವ ಸಂದನ್ನು ಕಿರುಬೆರಳ ತುದಿ ಕಟ್ಟಿನ ಯಾವ ಅಂಚಿನಲ್ಲಿ ಹಿಡಿಯಬೇಕು, ಹೆಬ್ಬೆರಳು ಎಷ್ಟು ಒತ್ತಬೇಕು, ಎಲೆ ಯಾವ ಅಂಚಿನ ಮೇಲೆ ತಿರುಗಬೇಕು ಎಂಬುದನ್ನು ಅಕ್ಷರದಿಂದ ಬೆರಳಿಗೆ ಇಳಿಸುವ ಕೆಲಸ ಬೇಸರ ತರಿಸುತ್ತದೆ. ಆ ಬೇಸರದಲ್ಲಿಯೇ ಲಾಭವಿದೆ. ಚಿತ್ರವನ್ನು ನಾನೇ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕಾಗುವುದರಿಂದ ಪ್ರತಿಯೊಂದು ಬೆರಳು ಅಲ್ಲಿ ಏಕಿದೆ ಎಂಬ ಕಾರಣವೂ ಜೊತೆಗೇ ಬರುತ್ತದೆ. ಕೈ ನನ್ನದು, ಅಳತೆ ನನ್ನದು, ಆದ್ದರಿಂದ ಹುಟ್ಟುವ ಶೈಲಿಯೂ ನನ್ನದೇ ಆಗಿರುತ್ತದೆ. ಚಿತ್ರಗಳನ್ನು ಬಹುಮಟ್ಟಿಗೆ ಆಡುವವನ ಕಣ್ಣಿನಿಂದಲೇ ಬರೆದಿರುವುದೂ ಒಂದು ಅನುಕೂಲ, ಎಡಬಲ ಅದಲು ಬದಲಾಗುವುದಿಲ್ಲ.

ಪುಸ್ತಕಗಳ ಮಾತು ಬಂದಾಗ 1902ರಲ್ಲಿ ಷಿಕಾಗೊದಲ್ಲಿ ಪ್ರಕಟವಾದ ‘ದ ಎಕ್ಸ್‌ಪರ್ಟ್ ಅಟ್ ದ ಕಾರ್ಡ್ ಟೇಬಲ್’ ಹೆಸರನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಅದರ ಲೇಖಕರ ಎಸ್. ಡಬ್ಲ್ಯು. ಅರ್ಡ್‌ನೇಸ್ ಎಂಬ ಹೆಸರಿನ ಹಿಂದಿದ್ದವರು ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಒಟ್ಟಾವಾದಲ್ಲಿ 1894ರಲ್ಲಿ ಹುಟ್ಟಿದ ಜಾದೂಗಾರ ಡೈ ವರ್ನನ್ ಬಾಲ್ಯದಲ್ಲಿಯೇ ಅದನ್ನು ಕೈಗೆತ್ತಿಕೊಂಡು, 98 ವರ್ಷದ ಬದುಕಿನುದ್ದಕ್ಕೂ ಅದರ ಸಾಲುಗಳನ್ನು ಬಿಡಿಸುತ್ತಲೇ ಇದ್ದರು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಯಾರಾದರೂ ಉಚಿತವಾಗಿ ಓದಬಹುದು. ಆದರೆ ಅದನ್ನೇ ಮೊದಲ ಪಾಠವಾಗಿ ಹಿಡಿಯುವುದು ಬೇಡ. ಜೂಜಿನ ಮೇಜಿನ ಕೈಚಳಕವೇ ಅದರ ಮೊದಲ ಭಾಗ, ಬರಹ ಬಿಗಿಯಾಗಿದೆ, ಒಂದು ತಂತ್ರವೂ ಕೈಗೆ ಕೂರದವನಿಗೆ ಅದರ ಬೆಲೆ ತಿಳಿಯುವುದಿಲ್ಲ.

ಪುಸ್ತಕ ಕೊಡದಿರುವುದು ಲಯ. ಓದಿ ಕಲಿತ ನನ್ನ ಡಬಲ್ ಲಿಫ್ಟ್‌ನಲ್ಲಿ ಬೆರಳೆಲ್ಲ ಇರಬೇಕಾದಲ್ಲಿ ಇದ್ದರೂ ಇಡೀ ಕ್ರಿಯೆ ಜೋಪಾನವಾಗಿ ಕಾಣುತ್ತಿತ್ತು. ಒಂದೇ ಎಲೆಯನ್ನು ತಿರುವುವ ಮನುಷ್ಯ ಅಷ್ಟು ಜೋಪಾನ ಮಾಡುವುದಿಲ್ಲ. ನಿಜವಾಗಿ ಒಂದು ಎಲೆಯನ್ನು ಎತ್ತುವಾಗ ಕೈ ಎಷ್ಟು ಉದಾಸೀನವಾಗಿರುತ್ತದೆಯೋ ಅಷ್ಟೇ ಉದಾಸೀನ ಎರಡನ್ನು ಎತ್ತುವಾಗಲೂ ಇರಬೇಕು. ಅದನ್ನು ಯಾವ ವಾಕ್ಯವೂ ತೋರಿಸಲಾರದು.

ಇಲ್ಲಿ ವಿಡಿಯೊ ಗೆಲ್ಲುತ್ತದೆ. ಅರ್ಜೆಂಟೀನಾದ ಜಾದೂಗಾರ ರೆನೆ ಲಾವಾಂದ್ ಅವರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಬಾಲ್ಯದ ಅಪಘಾತದಲ್ಲಿ ಬಲಗೈ ಕಳೆದುಕೊಂಡ ಅವರು ಎಡಗೈ ಒಂದರಿಂದಲೇ ಎಲೆ ಕಲಸಿ, ಹಂಚಿ, ಆಟ ಕಟ್ಟುತ್ತಿದ್ದರು. ಅದೂ ಎಷ್ಟು ನಿಧಾನವಾಗಿ ಎಂದರೆ, ಇದಕ್ಕಿಂತ ನಿಧಾನವಾಗಿ ಮಾಡಲಾಗದು ಎಂಬ ಮಾತೇ ಅವರ ಗುರುತಾಯಿತು. ಎರಡು ಕೈಗಳಿಗಾಗಿ ಬರೆದ ಪುಸ್ತಕಗಳಿಂದ ಅವರಿಗೆ ನೇರವಾಗಿ ಒದಗುವಂಥದ್ದು ಹೆಚ್ಚೇನಿರಲಿಲ್ಲ, ತಮ್ಮ ತಂತ್ರಗಳನ್ನು ತಾವೇ ಕಟ್ಟಿಕೊಂಡರು. ವೇಗವೇ ಕೈಚಳಕ ಎಂದು ನಂಬಿರುವವರು ಅವರನ್ನು ಒಮ್ಮೆ ನೋಡಿದರೆ ಆ ನಂಬಿಕೆ ಬಿಟ್ಟುಹೋಗುತ್ತದೆ.

ಆದರೆ ವಿಡಿಯೊದಿಂದ ನೋಡಿ ಕಲಿಯುವುದಕ್ಕೂ ವಿಡಿಯೊದಿಂದಲೇ ಕಲಿಯುವುದಕ್ಕೂ ಅಂತರವಿದೆ. ಉಚಿತವಾಗಿ ಸಿಗುವ ಸಣ್ಣ ತುಣುಕುಗಳಲ್ಲಿ ಬಹಳಷ್ಟು ಆಡುವವರಿಗಾಗಿ ಮಾಡಿದವಲ್ಲ. ಗುಟ್ಟು ಒಡೆದ ಖುಷಿಯನ್ನು ಕೊಟ್ಟು ಮುಂದಿನ ತುಣುಕಿಗೆ ಕರೆದೊಯ್ಯುತ್ತವೆ. ಹೇಗೆ ಎಂಬುದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಯಾವಾಗ ಮತ್ತು ಏಕೆ ಎಂಬುದು ಬರುವುದೇ ಇಲ್ಲ. ಹಣ ಕೊಟ್ಟು ಪಡೆಯುವ ದೀರ್ಘ ಪಾಠಗಳು ಇದಕ್ಕಿಂತ ಎಷ್ಟೋ ಮೇಲು. ಆದರೆ ಅಲ್ಲಿಯೂ ಕ್ಯಾಮೆರಾ ಇಟ್ಟಿರುವುದು ತಂತ್ರ ಚೆನ್ನಾಗಿ ಕಾಣುವ ಜಾಗದಲ್ಲಿ, ಚೌಕಟ್ಟಿನಲ್ಲಿರುವುದು ಎರಡು ಕೈಗಳು ಮಾತ್ರ. ಮುಖವಿಲ್ಲ, ಭುಜವಿಲ್ಲ, ಎಡಗಡೆ ಕುಳಿತ ಕುತೂಹಲದ ಹುಡುಗನಿಲ್ಲ. ಎದುರಿನಿಂದ ಚಿತ್ರಿಸಿದ್ದರೆ ಎಡಬಲವನ್ನು ಮನಸ್ಸಿನಲ್ಲೇ ಮಗುಚಿಕೊಳ್ಳುವ ತೊಂದರೆ ಬೇರೆ.

ಕನ್ನಡದಲ್ಲಿ ಆಡುವವರಿಗೆ ಇನ್ನೊಂದು ತೊಡಕಿದೆ, ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇಂಗ್ಲಿಷ್ ವಿಡಿಯೊದಲ್ಲಿ ತಂತ್ರ ಮತ್ತು ಮಾತು ಒಟ್ಟಿಗೆ ಹೆಣೆದುಕೊಂಡಿರುತ್ತವೆ, ಇಂಥ ಪದ ಬಂದಾಗ ಇಂಥ ಬೆರಳು ಚಲಿಸಬೇಕು ಎಂದು. ಆ ಮಾತನ್ನು ಹಾಗೆಯೇ ಕನ್ನಡಕ್ಕೆ ತಂದರೆ ಲಯ ಮುರಿಯುತ್ತದೆ. ಇಂಗ್ಲಿಷಿನಲ್ಲಿ ಏನು ಮಾಡುತ್ತೇನೆ ಎಂಬುದು ಮೊದಲೇ ಬಂದುಬಿಡುತ್ತದೆ, ನೋಡುವವರ ಕಣ್ಣು ಕೂಡಲೇ ಕೈಗೆ ಇಳಿಯುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ನೀವು ಆರಿಸಿದ ಆ ಎಲೆಯನ್ನು, ಈ ಕಟ್ಟಿನ ನಟ್ಟನಡುವೆ, ನಿಮ್ಮ ಕಣ್ಣೆದುರಿನಲ್ಲಿಯೇ…’ ಎಂದು ಹೇಳುತ್ತಿರುವಷ್ಟು ಹೊತ್ತು ಕೇಳುವವರು ಮುಂದೇನು ಎಂದು ಮುಖವನ್ನೇ ನೋಡುತ್ತಿರುತ್ತಾರೆ. ‘ಸೇರಿಸುತ್ತೇನೆ’ ಎಂಬ ಮಾತು ಬೀಳುವ ಹೊತ್ತಿಗೆ ಕೈಯ ಗುಟ್ಟಿನ ಕೆಲಸ ಮುಗಿದಿರಬೇಕು. ಇಷ್ಟು ಸೊಗಸಾದ ಅವಕಾಶವನ್ನು ಭಾಷೆಯೇ ಕೊಟ್ಟಿರುವಾಗ ಅನುವಾದದ ಮಾತು ಹೇಳಿ ಅದನ್ನು ಕಳೆದುಕೊಳ್ಳುವುದು ದೊಡ್ಡ ನಷ್ಟ. ವಿಡಿಯೊದಿಂದ ಕೈಯನ್ನು ಮಾತ್ರ ತೆಗೆದುಕೊಂಡು, ಧ್ವನಿ ನಿಲ್ಲಿಸಿ, ಮಾತನ್ನು ಹೊಸದಾಗಿ ಕನ್ನಡದಲ್ಲಿಯೇ ಬರೆದುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮೂರನೆಯದು ಗುರು. ಬೆಂಗಳೂರಿನಲ್ಲಿ ಆಗಾಗ ಸೇರುವ ಜಾದೂ ಆಸಕ್ತರ ಗುಂಪಿನಲ್ಲಿ ಹಿರಿಯರೊಬ್ಬರ ಎದುರು ಕುಳಿತು ಅದೇ ಡಬಲ್ ಲಿಫ್ಟ್ ಮಾಡಿ ತೋರಿಸಿದೆ. ಅವರು ನನ್ನ ಕೈಯನ್ನು ನೋಡಲೇ ಇಲ್ಲ, ಕಣ್ಣುಗಳನ್ನು ನೋಡುತ್ತಿದ್ದರು. ‘ನೀನು ಎಲೆಯನ್ನು ನೋಡುತ್ತಿದ್ದರೆ ನಾನೂ ಎಲೆಯನ್ನೇ ನೋಡುತ್ತೇನೆ. ನನ್ನನ್ನು ನೋಡು, ನಾನು ನಿನ್ನನ್ನು ನೋಡುತ್ತೇನೆ’ ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಎಡಕ್ಕೆ ಬಂದು ಕುಳಿತು, ಅಲ್ಲಿಂದ ಕಿರುಬೆರಳ ಸಂದು ಕಾಣುತ್ತದೆಯೇ ಎಂದು ಪರೀಕ್ಷಿಸಿದರು. ತಂತ್ರಕ್ಕೆ ಒಂದು ಕ್ಷಣ ಮುಂಚೆ ಉಸಿರು ನಿಲ್ಲುವುದು, ಭುಜ ಏರುವುದು, ಮಾತು ಸಣ್ಣದಾಗುವುದು, ಇವೆಲ್ಲ ಎದುರಿಗೆ ಕುಳಿತ ಅನುಭವಿಗೆ ಮಾತ್ರ ಕಾಣುತ್ತವೆ. ಪುಸ್ತಕಕ್ಕೆ ನಾನು ಕಾಣುವುದಿಲ್ಲ, ವಿಡಿಯೊಗೂ ಕಾಣುವುದಿಲ್ಲ. ಮೂರರಲ್ಲಿ ನನ್ನನ್ನು ನೋಡಬಲ್ಲದ್ದು ಇದೊಂದೇ.

ಗುರುವಿನ ದಾರಿಗೂ ಮಿತಿಗಳಿವೆ. ಅವರ ಕೈಗೆ ಒಗ್ಗಿದ್ದೇ ಸರಿ ಎಂದು ಕಲಿಸುವವರಿದ್ದಾರೆ. ಶಿಷ್ಯರೆಲ್ಲ ಒಂದೇ ದನಿಯಲ್ಲಿ ಮಾತನಾಡುತ್ತ, ಒಂದೇ ಜಾಗದಲ್ಲಿ ನಗಿಸುತ್ತ ನಿಲ್ಲುವುದನ್ನು ನೋಡಿದ್ದೇನೆ. ಗುಟ್ಟನ್ನು ಬಿಗಿಹಿಡಿದು ವರ್ಷಕ್ಕೊಂದು ಆಟ ಕೊಡುವವರೂ ಇದ್ದಾರೆ. ಬೆಂಗಳೂರು, ಮಂಗಳೂರಿನಂತಹ ಊರುಗಳ ಹೊರಗೆ ಕ್ಲೋಸ್‌ಅಪ್ ಬಲ್ಲ ಹಿರಿಯರು ಸಿಗುವುದೂ ಸುಲಭವಲ್ಲ.

ಹಾಗಾಗಿ ನನ್ನ ತೀರ್ಪು ಹೀಗಿದೆ. ಅಡಿಪಾಯಕ್ಕೆ ಪುಸ್ತಕ, ಅದರಲ್ಲಿ ನನಗೆ ಸಂದೇಹವಿಲ್ಲ. ಕೈಗೆ ತಂತ್ರ ಕೂತ ಮೇಲೆ ಲಯಕ್ಕಾಗಿ ವಿಡಿಯೊ, ಮುಂಚೆ ಬೇಡ. ಗುರು ಸಿಗುವುದಾದರೆ ಮೊದಲ ತಿಂಗಳಿನಿಂದಲೇ ಅವರೆದುರು ಕುಳಿತುಕೊಳ್ಳಿ, ಹೊಸ ಆಟ ಕೇಳುವುದಕ್ಕಿಂತ ಇರುವುದನ್ನು ತಿದ್ದಿಸಿಕೊಳ್ಳಲು. ಒಂದನ್ನೇ ಆರಿಸಬೇಕೆಂಬ ಪರಿಸ್ಥಿತಿ ಇದ್ದರೆ, ಸಣ್ಣ ಊರಿನಲ್ಲಿರುವವರಿಗೆ ನಾನು ಪುಸ್ತಕವನ್ನೇ ಹೇಳುತ್ತೇನೆ. ಗುರುವಿನ ಕೊರತೆಯನ್ನು ಸ್ವಲ್ಪಮಟ್ಟಿಗೆ ಮೊಬೈಲ್ ತುಂಬುತ್ತದೆ.

ಕನ್ನಡಿ ಏಕೆ ಸಾಲದು ಎಂದು ಕೇಳಬಹುದು. ಕನ್ನಡಿಯ ಮುಂದೆ ಅಭ್ಯಾಸ ಮಾಡುವಾಗ ತಂತ್ರ ನಡೆಯುವ ಕ್ಷಣದಲ್ಲಿ ನಮಗೇ ತಿಳಿಯದಂತೆ ರೆಪ್ಪೆ ಮುಚ್ಚುವ ರೂಢಿ ಬರುತ್ತದೆ, ಜಾದೂಗಾರರ ನಡುವೆ ಇದು ಹಳೆಯ ಎಚ್ಚರಿಕೆ. ಕನ್ನಡಿಯಲ್ಲಿ ನೋಡಬೇಕಾದರೆ ನಮ್ಮ ಕಣ್ಣು ಕೈಯ ಮೇಲೆ ಇರಲೇಬೇಕು, ಪ್ರೇಕ್ಷಕರ ಕಡೆ ನೋಡುವ ಅಭ್ಯಾಸವೇ ಬೆಳೆಯುವುದಿಲ್ಲ. ಮೊಬೈಲನ್ನು ಎದುರು ನಿಲ್ಲಿಸಿ, ಲೆನ್ಸ್ ನೋಡುತ್ತ ಮಾತನಾಡಿ, ಆಮೇಲೆ ನೋಡಿದರೆ ಎಲ್ಲವೂ ಸಿಕ್ಕಿಬೀಳುತ್ತದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಕುಳಿತ ಮಗುವಿನ ಎತ್ತರಕ್ಕೊಮ್ಮೆ ಇಟ್ಟು ನೋಡಿ.

ಎಲೆಗಳ ಬಗ್ಗೆಯೂ ಒಂದು ಮಾತು. ನಮ್ಮ ಅಂಗಡಿಗಳಲ್ಲಿ ರಮ್ಮಿಗೆಂದು ಸಿಗುವ ಪ್ಲಾಸ್ಟಿಕ್ ಎಲೆಗಳನ್ನೂ ಜಾದೂಗಾರರು ಹೆಚ್ಚಾಗಿ ಬಳಸುವ ‘ಬೈಸಿಕಲ್’ ಎಂಬ ಹೆಸರಿನ ಕಾಗದದ ಎಲೆಗಳನ್ನೂ ನಾನು ಪಕ್ಕಪಕ್ಕದಲ್ಲಿ ಇಟ್ಟುಕೊಂಡೇ ಅಭ್ಯಾಸ ಮಾಡುತ್ತೇನೆ. ಪ್ಲಾಸ್ಟಿಕ್ ಬಾಳಿಕೆ ಬರುತ್ತದೆ, ಬೆವರಿಗೆ ಹೆದರುವುದಿಲ್ಲ, ಒರೆಸಿದರೆ ಹೊಸದಾಗುತ್ತದೆ. ಆದರೆ ಡಬಲ್ ಲಿಫ್ಟ್‌ನಲ್ಲಿ ಎರಡು ಎಲೆಗಳು ಒಂದರ ಮೇಲೊಂದು ಜಾರಿ ಅಂಚು ಬಿಟ್ಟುಕೊಡುತ್ತವೆ. ಬೈಸಿಕಲ್ ಎಲೆಯ ಮೈಮೇಲಿನ ಸಣ್ಣ ಸಣ್ಣ ತಗ್ಗುಗಳಲ್ಲಿ ಗಾಳಿ ನಿಲ್ಲುವುದರಿಂದ ಬೀಸಣಿಗೆಯಂತೆ ಬಿಡಿಸಿದಾಗ ಸಮನಾಗಿ ಹರಡುತ್ತವೆ, ಜೋಡಿಸಿದಾಗ ಒಂದಾಗಿ ನಿಲ್ಲುತ್ತವೆ. ಬೆನ್ನಿನ ಸುತ್ತ ಬಿಳಿ ಅಂಚಿರುವುದರಿಂದ ಕಟ್ಟಿನ ನಡುವೆ ಮಗುಚಿ ಕುಳಿತ ಎಲೆ ಹೊರಗಿನಿಂದ ಕಾಣುವುದಿಲ್ಲ. ದೃಷ್ಟಿ ಕಳೆದುಕೊಂಡೂ ಇಸ್ಪೀಟಿನ ಕೈಚಳಕದಲ್ಲಿ ಮೇಲಿನ ಸಾಲಿಗೆ ಏರಿದ ಅಮೆರಿಕದ ರಿಚರ್ಡ್ ಟರ್ನರ್ ಅವರನ್ನು ಆ ಎಲೆಗಳನ್ನು ತಯಾರಿಸುವ ಕಂಪನಿಯೇ ಸ್ಪರ್ಶದಿಂದ ಗುಣಮಟ್ಟ ಅಳೆಯಲು ಕರೆದಿತ್ತು ಎಂದರೆ ಬೆರಳಿಗೆ ಕಾಗದದ ವ್ಯತ್ಯಾಸ ಎಷ್ಟು ತಿಳಿಯುತ್ತದೆ ಎಂದು ಊಹಿಸಬಹುದು. ಕಾಗದದ ಶತ್ರು ಕರಾವಳಿಯ ತೇವ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ತೆರೆದ ಕಟ್ಟು ಬೇಗ ಉಬ್ಬಿ ಅಂಟತೊಡಗುತ್ತದೆ. ಅಲ್ಲಿ ಆಡುವವರು ಅಭ್ಯಾಸಕ್ಕೆ ಹಳೆಯ ಕಟ್ಟನ್ನು ಸವೆಸಿ, ಪ್ರದರ್ಶನಕ್ಕೆ ಹೊಸದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಆಟಕ್ಕೆ ತುಸು ಮುಂಚೆಯಷ್ಟೇ ಬಿಚ್ಚಿ ಕೈಗೆ ಪಳಗಿಸಿಕೊಳ್ಳಿ.