ಆಂಡ್ರೊಫೆಮ್ 1: ಹೆಂಗಸರ ಅಳತೆಗೇ ಮಾಡಿದ ಟೆಸ್ಟೋಸ್ಟೆರಾನ್ ಕ್ರೀಮ್

ಮುಟ್ಟು ನಿಂತ ಮೇಲೆ ಲೈಂಗಿಕ ಆಸಕ್ತಿ ಬತ್ತಿ, ಅದೇ ಕೊರಗಿನಲ್ಲಿ ನರಳುವ ಹೆಂಗಸರಿಗೆಂದು ಆಸ್ಟ್ರೇಲಿಯಾದ ಪರ್ತ್‌ನ ಲಾಲಿ ಫಾರ್ಮಸ್ಯುಟಿಕಲ್ಸ್ ತಯಾರಿಸುವ ಕ್ರೀಮ್ ಇದು. ಗಂಡಸರಲ್ಲಿ ಹೆಚ್ಚಾಗಿ, ಹೆಂಗಸರಲ್ಲಿ ತುಸುವೇ ಇರುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನ್ ಇದರಲ್ಲಿದೆ. ಅಲ್ಲಿನ ಔಷಧ ನಿಯಂತ್ರಕರು 2020ರಲ್ಲಿ ಒಪ್ಪಿಗೆ ಕೊಟ್ಟರು. ವೈದ್ಯರ ಚೀಟಿ ಬೇಕೇ ಬೇಕು.

ಇದರ ದೊಡ್ಡ ಗುಣ ಅಳತೆ. ಗಂಡಸರ 1% ಜೆಲ್‌ನ 5 ಗ್ರಾಂ ಪೊಟ್ಟಣದಲ್ಲಿ 50 ಮಿಲಿಗ್ರಾಂ ಹಾರ್ಮೋನ್ ಇರುತ್ತದೆ. ಹೆಂಗಸರಿಗೆ ಬೇಕಾದದ್ದು ಅದರ ಹತ್ತರಲ್ಲಿ ಒಂದು ಪಾಲು. ಪೊಟ್ಟಣ ಕತ್ತರಿಸಿ ಅಂದಾಜಿನಲ್ಲಿ ಹಿಂಡಿದರೆ ಒಂದು ದಿನ ಹೆಚ್ಚು, ಇನ್ನೊಂದು ದಿನ ಕಡಿಮೆ. ಈ ಕ್ರೀಮ್‌ನ 1 ಮಿ.ಲೀ.ನಲ್ಲಿ 10 ಮಿಲಿಗ್ರಾಂ ಇದೆ, ಜೊತೆಗೆ ಗೆರೆ ಹಾಕಿದ ಅಳತೆ ಕೊಳವೆ. ಶುರುವಿಗೆ ದಿನಕ್ಕೆ 0.5 ಮಿ.ಲೀ. 50 ಮಿ.ಲೀ. ಟ್ಯೂಬು ಆ ಲೆಕ್ಕಕ್ಕೆ 100 ದಿನ ಬರುತ್ತದೆ.

ತೊಡೆಯ ಹೊರಬದಿ ಅಥವಾ ಪೃಷ್ಠದ ಒಣ ಚರ್ಮಕ್ಕೆ, ಪೂರ್ತಿ ಇಂಗುವವರೆಗೆ ತಿಕ್ಕಬೇಕು. ಆಮೇಲೆ ಸೋಪು ಹಾಕಿ ಕೈ ತೊಳೆದು, ಹಚ್ಚಿದ ಜಾಗವನ್ನು ಬಟ್ಟೆಯಿಂದ ಮುಚ್ಚಿ. ಮಕ್ಕಳ ಮೈಗೆ ತಾಗಿದರೆ ಹಾರ್ಮೋನ್ ಅವರಿಗೂ ಹತ್ತುತ್ತದೆ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಕೈಗೆ ಹಚ್ಚಿ ಅದೇ ಕೈಯಿಂದ ರಕ್ತ ಕೊಟ್ಟರೆ ವರದಿ ಸುಳ್ಳಾಗಿ ಏರಿರುತ್ತದೆ.

ಶುರು ಮಾಡುವ ಮೊದಲೇ ಒಟ್ಟು ಟೆಸ್ಟೋಸ್ಟೆರಾನ್ ನೋಡಿಸಿ. 3ರಿಂದ 6 ವಾರದೊಳಗೆ ಮತ್ತೊಮ್ಮೆ. ಹೆಂಗಸರ ರಕ್ತದಲ್ಲಿ ಇದರ ಪ್ರಮಾಣ ತೀರಾ ಕಡಿಮೆ. ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಮಾಡುವ ಇಮ್ಯುನೊಅಸ್ಸೇ ಎಂಬ ಪರೀಕ್ಷೆ ಅಷ್ಟು ಕಡಿಮೆ ಪ್ರಮಾಣದಲ್ಲಿ ತಪ್ಪುತ್ತದೆ, ಇನ್ನೂ ನಿಖರವಾಗಿ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನ ಇರುವ ಲ್ಯಾಬೇ ಒಳ್ಳೆಯದು. ಈಸ್ಟ್ರೋಜೆನ್ (ಹೆಣ್ಣು ಹಾರ್ಮೋನ್) ಮಾತ್ರೆ ನುಂಗುವವರಲ್ಲಿ ಟೆಸ್ಟೋಸ್ಟೆರಾನನ್ನು ರಕ್ತದಲ್ಲಿ ಹಿಡಿದಿಡುವ ಪ್ರೋಟೀನು ಹೆಚ್ಚುವುದರಿಂದ ಕ್ರೀಮಿನ ಫಲ ಕುಗ್ಗಬಹುದು. ಆಗ ಡೋಸ್ ಏರಿಸುವ ಮೊದಲು, ಈಸ್ಟ್ರೋಜೆನ್ನನ್ನು ಪ್ಯಾಚ್ ಅಥವಾ ಜೆಲ್‌ಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ.

ಅಡ್ಡ ಪರಿಣಾಮವಾಗಿ ಏಳುವ ಮೊಡವೆ, ಹಚ್ಚಿದ ಜಾಗದಲ್ಲಿ ಬೆಳೆಯುವ ಕೂದಲು, ಡೋಸ್ ಇಳಿಸಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಆದರೆ ಅತಿಯಾಗಿ ಹಚ್ಚಿ ಗಡಸಾದ ದನಿ ಹಿಂದಿರುಗದೇ ಹೋಗಬಹುದು. ದನಿ ಒಡೆದಂತೆ ಕೇಳಿದ ದಿನವೇ ನಿಲ್ಲಿಸಿ, ವೈದ್ಯರಿಗೆ ಹೇಳಿ.

ಸುಸ್ತು, ಮರೆವು, ಮೂಳೆ ಸವೆತಕ್ಕೆಂದು ಇದನ್ನು ಕೊಳ್ಳಬೇಡಿ. 2019ರ ಜಾಗತಿಕ ತಜ್ಞರ ಒಮ್ಮತ ಹೇಳಿಕೆ, ಲೈಂಗಿಕ ಆಸಕ್ತಿ ಕುಗ್ಗಿದ ತೊಂದರೆ ಒಂದಕ್ಕೇ ಪುರಾವೆ ಇದೆ ಎಂದಿದೆ. 6 ತಿಂಗಳಲ್ಲಿ ಗುಣ ಕಾಣದಿದ್ದರೆ ಬಿಟ್ಟುಬಿಡುವುದೇ ಸರಿ. ಕ್ರೀಮಿನಲ್ಲಿ ಬಾದಾಮಿ ಎಣ್ಣೆ ಇದೆ. ಬಾದಾಮಿ ಒಗ್ಗದವರು ಇದನ್ನು ಮುಟ್ಟಲೇಬಾರದು.